ನಿರ್ಜನಸುಖವು ನ್ಯಾಯವೇ?

ಕಳೆದ ಮಾಘಮಾಸದಲ್ಲಿ ನನ್ನ ತಂಗಿಯ ಮಗನಿಂದ ನನಗೊಂದು ಕಾಗದ ಬಂದಿತು. ಅವನು ಉದ್ಯೋಗನಿಮಿತ್ತವಾಗಿ ಅಮೆರಿಕಾ ದೇಶದ ಉತ್ತರಭಾಗದ ಒಂದು ಶೀತಪ್ರಾಂತದಲ್ಲಿ ಕೆಲವು ವರ್ಷಗಳಿಂದ ವಾಸವಾಗಿರುವನು. ಕಾಗದವೆಂದು ಹೇಳಿದೆನಾದರೂ ಅದು ಮಿಂಚಂಚೆಯಲ್ಲಿ ಬಂದುದು. ಆದರೆ ಹಿಂದಿನ ಕಾಗದಗಳಂತೆ ಉದ್ದವಾಗಿಯೂ ವಿವರವಾಗಿಯೂ ಇದ್ದುದರಿಂದ ಆ ಹೆಸರಿಗೆ ಅದು ತಕ್ಕುದೇ ಆಗಿದೆ. ಅದರಲ್ಲಿ ಅವನು ಬರೆದಿದ್ದುದು ಹೀಗೆ:

"ಮಾವ, ಮೊನ್ನೆ ಇಡೀ ರಾತ್ರಿ ಹಿಮ ಸುರಿಯಿತು. ಬೆಳಗ್ಗೆ ಎದ್ದವನೇ ಕೆಲಸಕ್ಕೆ ರಜೆ ಹಾಕಿ, ಊರಾಚೆಯ ಒಂದು ಸಣ್ಣ ಗುಡ್ಡಕ್ಕೆ ಸ್ಕೀ ಆಡಲು ಹೋದೆ. ಹೆಸರಾದ ದೊಡ್ಡ ಬೆಟ್ಟಗಳಲ್ಲಿ ಮೇಲಕ್ಕೆ ಒಯ್ಯುವ ತೂಗುಕುರ್ಚಿಗಾಗಿ ಬಹಳ ಹೊತ್ತು ಸಾಲಿನಲ್ಲಿ ನಿಲ್ಲಬೇಕು. ಇಲ್ಲಿ ಸಾಲೇ ಇಲ್ಲ. ಇಡೀ ಇಳಿಜಾರಿಗೆ ನಾವು ಹತ್ತು ಹನ್ನೆರಡು ಮಂದಿ. ಮೊಣಕಾಲುದ್ದ ಹೊಸ ಹಿಮ. ಅದರ ಮೇಲೆ ಒಬ್ಬರ ಗೆರೆಯೂ ಬಿದ್ದಿಲ್ಲ. ಇಳಿಯುವಾಗ ಕಾಲ ಕೆಳಗೆ ನೆಲವಿದೆಯೆಂಬುದೇ ತಿಳಿಯುವುದಿಲ್ಲ. ನನ್ನ ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಂಥ ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಗುಡ್ಡದ ಹೆಸರನ್ನು ಮಾತ್ರ ಯಾರಿಗೂ ಹೇಳುವುದಿಲ್ಲ, ನಿಮಗೂ ಬರೆಯುವುದಿಲ್ಲ. ಅಲ್ಲಿಗೆ ಬರುವವರೆಲ್ಲರೂ ಹಾಗೆಯೇ. ಹೇಳಿದರೆ ಹಾಳಾಗುತ್ತದೆ."

ಕಡೆಯ ಮಾತನ್ನು ಓದಿ ಮೊದಲು ನಗು ಬಂದಿತು. ಅರುವತ್ತು ದಾಟಿದ, ಮಂಡಿನೋವಿನ ಮೇಷ್ಟರೊಬ್ಬರು ಚಾಮರಾಜನಗರದಿಂದ ಹೊರಟು ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಅವನ ಗುಡ್ಡದ ಹಿಮವನ್ನು ತುಳಿದುಬಿಡುವರೆಂದು ಅವನು ಹೆದರಿದನೋ ಏನೋ! ಆದರೆ ನಗು ನಿಂತ ಮೇಲೆ ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಏಕೆಂದರೆ ಅದೇ ಮಾತನ್ನು, ಅಷ್ಟು ನೇರವಾಗಿ ಅಲ್ಲದಿದ್ದರೂ, ನಾನೂ ಒಮ್ಮೆ ಆಡಿರುವೆನು. ಅದನ್ನು ಮುಂದೆ ಹೇಳುವೆನು.

ಹಿಮವನ್ನು ಕಾಣದ ನಾಡಿನವರಾದ ನಮಗೆ ಅವನ ಸುಖದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕಾಗಿದೆ. ಸ್ಕೀ ಎಂಬುದು ಎರಡು ಕಾಲುಗಳಿಗೂ ಉದ್ದವಾದ ಕಿರುಹಲಗೆಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ವಿದ್ಯೆ. ನಮ್ಮ ದೇಶದಲ್ಲಿ ಕಾಶ್ಮೀರದ ಗುಲ್ಮಾರ್ಗದಲ್ಲಿಯೂ ಉತ್ತರಾಖಂಡದ ಔಲಿಯಲ್ಲಿಯೂ ಇದು ನಡೆಯುತ್ತದೆ. ೨೦೨೦ರಲ್ಲಿ ಗುಲ್ಮಾರ್ಗದಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳೂ ನಡೆದವು. ಹೊಸದಾಗಿ ಬಿದ್ದ ಒಣಹಿಮವು ಹಿಟ್ಟಿನಂತೆ ಹಗುರವಾಗಿರುತ್ತದೆ. ಅದರ ಗಾತ್ರದ ಹತ್ತರಲ್ಲಿ ಒಂಬತ್ತು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಗಾಳಿಯೇ. ಹರಳುಗಳ ನಡುವಣ ಆ ಗಾಳಿಯು ಶಬ್ದವನ್ನು ಹೀರಿಕೊಳ್ಳುವುದರಿಂದ ಹಿಮ ಬಿದ್ದ ಮರುದಿನ ಲೋಕವೆಲ್ಲ ಮೌನವಾಗಿ ತೋರುತ್ತದೆ. ಆದರೆ ಈ ಸಂಪತ್ತಿಗೆ ಆಯುಸ್ಸು ಕಡಮೆ. ಮೊದಲು ಜಾರಿದವನಿಗೆ ದೊರೆತುದು ಎರಡನೆಯವನಿಗೆ ಅರ್ಧ, ನೂರನೆಯವನಿಗೆ ತುಳಿದ ನೆಲ. ಬಿಸಿಲು ಅದನ್ನು ಕರಗಿಸುವುದಕ್ಕೆ ಮೊದಲೇ ಜನರು ಅದನ್ನು ಮುಗಿಸಿಬಿಡುವರು.

ನಮ್ಮಲ್ಲಿ ಆ ಹಿಮವಿಲ್ಲ ನಿಜ. ಆದರೆ ಭಾಷೆಯು ನಮ್ಮನ್ನು ಅಷ್ಟು ದೂರಕ್ಕೆ ಬಿಟ್ಟಿಲ್ಲ. ಅಮರಕೋಶವು ನೀಹಾರ, ತುಷಾರ, ತುಹಿನ, ಪ್ರಾಲೇಯ ಮುಂತಾದವನ್ನು ಹಿಮಶಬ್ದದೊಡನೆ ಒಂದೇ ಸಾಲಿನಲ್ಲಿ ಕೂರಿಸಿದೆ. ಕನ್ನಡದ ಮಂಜು ಎಂಬ ಮಾತು ಕೂಡ ಹಾಗೆಯೇ. ಹುಲ್ಲಿನ ಮೇಲಣ ಹನಿಗೂ ಕಣಿವೆಯನ್ನು ಮುಚ್ಚುವ ಕಾವಳಕ್ಕೂ ಹಿಮಾಲಯದ ಬಿಳುಪಿಗೂ ಅದೊಂದೇ ಸಾಕು. ಆದುದರಿಂದಲೇ ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಬೆಟ್ಟವು ಒಂದು ಹಿಮದ ಹರಳನ್ನೂ ಕಾಣದೆಯೇ ಹಿಮವದ್ಗೋಪಾಲಸ್ವಾಮಿ ಬೆಟ್ಟವೆನಿಸಿಕೊಂಡಿದೆ. ಈ ಹೆಸರಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಕಾಳಿದಾಸನು ಕುಮಾರಸಂಭವದ ಆರಂಭದಲ್ಲಿ ಹಿಮವನ್ನು ಪರ್ವತರಾಜನಿಗೊಂದು ದೋಷವೆಂದೆಣಿಸಿ, ಗುಣಗಳ ಸಮೂಹದಲ್ಲಿ ಅದು ಲೆಕ್ಕಕ್ಕೆ ಬಾರದೆಂದು ಸಮಾಧಾನ ಹೇಳುವನು. ನಮ್ಮ ಬೆಟ್ಟಕ್ಕೆ ಆ ಸಮಾಧಾನವೂ ಬೇಕಿಲ್ಲ. ಇಲ್ಲಿ ಮಂಜೇ ಗುಣ.

ಬೆಟ್ಟವನ್ನು ಬಲ್ಲ ವಾಚಕರು ಕ್ಷಮಿಸಬೇಕು. ಅರಿಯದವರಿಗಾಗಿ ಎರಡು ಮಾತು. ಗುಂಡ್ಲುಪೇಟೆಯಿಂದ ಊಟಿಯ ದಾರಿಯಲ್ಲಿ ಹಂಗಳಕ್ಕೆ ಬಂದು ಬಲಕ್ಕೆ ತಿರುಗಿದರೆ ಬೆಟ್ಟದ ತಪ್ಪಲು ಸಿಕ್ಕುತ್ತದೆ. ಬೆಟ್ಟದ ಎತ್ತರ ೧೪೫೪ ಮೀಟರು. ನೆತ್ತಿಯ ಮೇಲೆ ಕೊಳಲೂದುವ ವೇಣುಗೋಪಾಲನ ದೇವಾಲಯ. ಅದು ಬಲ್ಲಾಳರಾಯನ ಕಾಲದ್ದೆಂದು ಹೇಳುವುದು ವಾಡಿಕೆ. ಗರ್ಭಗುಡಿಯಲ್ಲಿ ಸದಾ ತಂಪು. ಒಸರುವ ನೀರನ್ನೇ ಅರ್ಚಕರು ಭಕ್ತರ ತಲೆಯ ಮೇಲೆ ಪ್ರೋಕ್ಷಿಸುವರು. ಅಲ್ಲಿಯ ಹಂಸತೀರ್ಥದಲ್ಲಿ ಮುಳುಗಿದ ಕಾಗೆಯು ಹಂಸವಾಯಿತೆಂದೂ ಅಂದಿನಿಂದ ಬೆಟ್ಟದ ಮೇಲೆ ಕಾಗೆಗಳಿಲ್ಲವೆಂದೂ ಐತಿಹ್ಯ. ಸುತ್ತಲೂ ಹುಲ್ಲಿನ ಬೋಳುಗುಡ್ಡಗಳು, ಕಣಿವೆಗಳಲ್ಲಿ ದಟ್ಟವಾದ ಮರಗಳು, ಕೆಳಗೆ ಬಂಡೀಪುರದ ಕಾಡು. ಮೈಸೂರು ಮಹಾರಾಜರು ೧೯೩೧ರಲ್ಲಿ ಬಂಡೀಪುರದಲ್ಲಿ ಮೃಗರಕ್ಷಣೆಗೆಂದು ಕಾಡನ್ನು ಬಿಡಿಸಿ, ೧೯೪೧ರಲ್ಲಿ ಅದನ್ನು ವಿಸ್ತರಿಸಿದಾಗ ಅದಕ್ಕೆ ವೇಣುಗೋಪಾಲ ವನ್ಯಧಾಮವೆಂದು ಈ ಸ್ವಾಮಿಯ ಹೆಸರನ್ನೇ ಇಟ್ಟರು. ೧೯೭೩ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಈಗ ಭಕ್ತರು ತಮ್ಮ ವಾಹನಗಳನ್ನು ತಪ್ಪಲಿನಲ್ಲಿಯೇ ನಿಲ್ಲಿಸಿ ಸರ್ಕಾರದ ಬಸ್ಸಿನಲ್ಲಿ ಮೇಲಕ್ಕೆ ಹೋಗಬೇಕು; ಸಂಜೆಯೊಳಗೆ ಎಲ್ಲರೂ ಇಳಿಯಬೇಕು.

ನಾನು ವೃತ್ತಿಯಿಂದ ಬಿಡುಗಡೆ ಹೊಂದಿದಂದಿನಿಂದ, ಭಾನುವಾರವೂ ಹಬ್ಬವೂ ಅಲ್ಲದ ದಿನಗಳನ್ನು ನೋಡಿ, ಆಷಾಢ ಶ್ರಾವಣಗಳ ಮಂಜಿನಲ್ಲಿ ಮೊದಲ ಬಸ್ಸಿಗೆ ಬೆಟ್ಟಕ್ಕೆ ಹೋಗುವ ಅಭ್ಯಾಸವನ್ನಿಟ್ಟುಕೊಂಡೆನು. ಅಂತಹ ದಿನ ಬಸ್ಸಿನಲ್ಲಿ ಐದಾರು ಮಂದಿ. ಮೆಟ್ಟಿಲು ಹತ್ತುವಾಗ ಗೋಪುರವು ಕಾಣುವುದಿಲ್ಲ. ಹತ್ತಿರಕ್ಕೆ ಹೋದಾಗ ಮೊದಲು ಕಪ್ಪು ನೆರಳಾಗಿ, ಬಳಿಕ ಕಲ್ಲಾಗಿ, ಕಡೆಗೆ ಗೋಪುರವಾಗಿ ಅದು ಹುಟ್ಟುತ್ತದೆ. ದರ್ಶನವಾದ ಮೇಲೆ ಹೊರಗೋಡೆಯ ಬದಿಯಲ್ಲಿ ಕುಳಿತರೆ ಮುಂದಿನ ಹುಲ್ಲೂ ಕಾಣದು. ಎಲ್ಲಿಯೋ ಒಂದು ಹಕ್ಕಿ ಕೂಗುತ್ತದೆ. ಧೋತರದ ಅಂಚಿನಿಂದ ನೀರು ತೊಟ್ಟಿಕ್ಕುತ್ತದೆ. ನಲವತ್ತು ವರ್ಷ ಮಕ್ಕಳ ಗದ್ದಲದಲ್ಲಿ ಕಳೆದ ಕಿವಿಗೆ ಆ ಮೌನವು ಎಣ್ಣೆ ಬಿಟ್ಟಂತೆ. ಆಗ ನನಗಾಗುತ್ತಿದ್ದ ಸಂತೋಷವನ್ನು ಭಕ್ತಿಯೆಂದು ಹೇಳಲಾರೆನು, ಭಕ್ತಿಯಲ್ಲವೆಂದೂ ಹೇಳಲಾರೆನು. ನನ್ನ ಸೋದರಳಿಯನು ಹಿಮದ ಮೇಲೆ ಕಂಡುದು ಇದನ್ನೇ ಎಂದು ಅವನ ಕಾಗದವನ್ನು ಓದಿದ ಕ್ಷಣವೇ ಅರಿತೆನು.

ಇನ್ನು ಪ್ರಶ್ನೆಗೆ ಬರೋಣ. ಜನರಿಲ್ಲದ ಎಡೆಯಲ್ಲಿ ಪಡೆಯುವ ಸುಖವು ನಿರ್ದೋಷವೋ, ಅಥವಾ ಅದರಲ್ಲಿ ಪರರ ಅಭಾವವನ್ನು ಬಯಸುವ ದೋಷವು ಸೇರಿರುವುದೋ?

ಶಾಸ್ತ್ರವನ್ನು ಕೇಳಿದರೆ ಎರಡು ಧ್ವನಿಗಳು ಬರುವುವು. ಭಗವದ್ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನದ ಲಕ್ಷಣಗಳನ್ನೆಣಿಸುವಾಗ ಏಕಾಂತಸ್ಥಳದ ಸೇವನೆಯೂ ಜನಸಂದಣಿಯಲ್ಲಿ ಆಸಕ್ತಿಯಿಲ್ಲದಿರುವುದೂ ಹೇಳಲ್ಪಟ್ಟಿವೆ. ಅದೇ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ತಮಗಾಗಿಯೇ ಅಡುಗೆ ಮಾಡಿಕೊಳ್ಳುವವರನ್ನು ಪಾಪಿಗಳೆಂದು ನಿಂದಿಸಿದೆ. ಬಾಲ್ಯದಲ್ಲಿ ಪಾಠಶಾಲೆಯ ಜಗುಲಿಯ ಮೇಲೆ ಇವೆರಡನ್ನೂ ಕಂಠಪಾಠ ಮಾಡಿದಾಗ ಇವುಗಳ ನಡುವೆ ವಿರೋಧವಿದೆಯೆಂದು ನನಗೆ ತೋಚಲೇ ಇಲ್ಲ. ಮೌನವೂ ಒಂದು ಅಡುಗೆಯೆಂದೂ ಅದನ್ನು ಒಬ್ಬನೇ ಉಣ್ಣಬಹುದೆಂದೂ ಆ ವಯಸ್ಸಿನಲ್ಲಿ ಯಾರಿಗೆ ತಿಳಿಯುವುದು?

ತಿಳಿಸಿದವನು ನನ್ನ ಒಬ್ಬ ಮಿತ್ರ. ಆತನು ಗಣಿತದ ಮೇಷ್ಟರಾಗಿದ್ದನು. ನಾನು ಭಾಷೆಯ ಮೇಷ್ಟರು. ಬಹುವರ್ಷ ಒಂದೇ ಕೊಠಡಿಯಲ್ಲಿ ಪಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದಿದವರು ನಾವು. ಒಳ್ಳೆಯವನು, ಆದರೆ ಮಾತು ಬಹಳ. ಬಾಯಿ ಮುಚ್ಚಿದ್ದನ್ನು ನಾನು ಕಂಡುದು ಅಪರೂಪ. ನಾನು ಆಗಾಗ ಬೆಟ್ಟಕ್ಕೆ ಹೋಗುವುದನ್ನು ತಿಳಿದು ಒಂದು ಶ್ರಾವಣದಲ್ಲಿ, "ನನ್ನನ್ನೂ ಒಂದು ಸಲ ಕರಕೊಂಡು ಹೋಗಯ್ಯ, ಮಂಜನ್ನು ನೋಡಬೇಕು" ಎಂದನು. ನಾನು ತಕ್ಷಣವೇ, "ಈಗ ಹೋದರೆ ಏನೂ ಕಾಣುವುದಿಲ್ಲ. ಬಿಸಿಲು ಬರಲಿ, ಹೋಗೋಣ" ಎಂದೆನು. ಅವನು ನಂಬಿದನು. ಮರುವಾರ ನಾನೊಬ್ಬನೇ ಹೋಗಿ ಬಂದೆನು. ಮುಂದಿನ ಕಾರ್ತಿಕದಲ್ಲಿ, ಬಿಸಿಲು ಚೆನ್ನಾಗಿ ಬಂದಿದ್ದಾಗ, ಅವನು ಹೃದಯಾಘಾತದಿಂದ ತೀರಿಕೊಂಡನು.

ನಾನು ಆಡಿದ ಮಾತಿನಲ್ಲಿ ಅಕ್ಷರಶಃ ಸುಳ್ಳಿರಲಿಲ್ಲ. ಮಂಜಿನಲ್ಲಿ ಏನೂ ಕಾಣುವುದಿಲ್ಲವೆಂಬುದು ಸತ್ಯವೇ. ಆದರೆ ಏನೂ ಕಾಣದಿರುವುದನ್ನು ಕಾಣುವುದಕ್ಕೇ ನಾನು ಹೋಗುತ್ತಿದ್ದೆನು. ಅವನು ಬಯಸಿದುದೂ ಅದನ್ನೇ. ಅಶ್ವತ್ಥಾಮನ ವಿಷಯದಲ್ಲಿ ಧರ್ಮರಾಯನು ಆಡಿದ ಮಾತಿನಲ್ಲಿಯೂ ಅಕ್ಷರದ ದೋಷವಿರಲಿಲ್ಲ; ಆದರೂ ನೆಲವನ್ನು ಮುಟ್ಟದೆ ನಡೆಯುತ್ತಿದ್ದ ಅವನ ರಥವು ನೆಲಕ್ಕೆ ತಗಲಿತು. ನನಗೆ ರಥವಿಲ್ಲ. ಆದರೆ ಅಂದಿನಿಂದ ಆ ಗೋಡೆಯ ಬದಿಯಲ್ಲಿ ಕುಳಿತಾಗ ಮೌನವು ಮೊದಲಿನಂತೆ ಇರಲಿಲ್ಲ. ಅದರಲ್ಲಿ ಒಬ್ಬನು ಮಾತಾಡದೆ ಕುಳಿತಂತಾಗುತ್ತಿತ್ತು.

ಎರಡನೆಯ ಪಾಠವನ್ನು ಕಲಿಸಿದವಳು ತಪ್ಪಲಿನಲ್ಲಿ ಸೌತೆಕಾಯಿಯನ್ನೂ ಕಡಲೆಕಾಯಿಯನ್ನೂ ಮಾರುವ ಒಬ್ಬ ಹೆಂಗಸು. ಅವಳ ಮಗನಿಗೆ ನಾನು ಪಾಠ ಹೇಳಿದ್ದೆನಾದುದರಿಂದ ಪರಿಚಯವುಂಟು. ಒಂದು ದಿನ ಬೆಟ್ಟದಿಂದಿಳಿದು ಬಂದು, ಬಸ್ಸಿಗೆ ಕಾಯುತ್ತ, "ಇವತ್ತು ಬೆಟ್ಟ ಎಷ್ಟು ಚೆನ್ನಾಗಿತ್ತಮ್ಮ, ಒಬ್ಬ ನರಪಿಳ್ಳೆಯೂ ಇರಲಿಲ್ಲ" ಎಂದು ಉಲ್ಲಾಸದಿಂದ ಹೇಳಿದೆನು. ಅವಳು ಬುಟ್ಟಿಯ ಮೇಲಣ ಗೋಣಿಯನ್ನು ಸರಿಸಿ ತೋರಿಸಿ, "ನೀವೇನೋ ಹಂಗಂತೀರಿ ಮೇಷ್ಟ್ರೇ. ಮಂಜು ಬಿದ್ರೆ ನಿಮ್ಗೆ ಹಬ್ಬ, ನಮ್ಗೆ ಬೋಣೀನೂ ಆಗಲ್ಲ ಕನಿ" ಎಂದಳು. ಬುಟ್ಟಿ ತುಂಬಿದಂತೆಯೇ ಇತ್ತು. ನಾಚಿಕೆಯಿಂದ ನಾನು ಬೇಕಾದುದಕ್ಕಿಂತ ಹೆಚ್ಚು ಸೌತೆಕಾಯಿಗಳನ್ನು ಕೊಂಡೆನು. ಅದನ್ನು ಕಂಡು ಅವಳು ನಕ್ಕು, "ಭಾನುವಾರದ ಗದ್ಲಕ್ಕೆ ನಂಗೂ ತಲೆ ಸಿಡೀತದೆ. ಆದ್ರೆ ಹೊಟ್ಟೆ ಕೇಳ್ಬೇಕಲ್ಲ" ಎಂದಳು. ಮೌನವು ನನಗೊಬ್ಬನಿಗೇ ಪ್ರಿಯವೆಂದು ತಿಳಿದಿದ್ದ ನನಗೆ ಆ ಕಡೆಯ ಮಾತು ಮೊದಲಿನದಕ್ಕಿಂತಲೂ ಹೆಚ್ಚು ತಟ್ಟಿತು. ಅವಳಿಗೂ ಅದು ಬೇಕು. ಆದರೆ ಅದರ ಬೆಲೆಯನ್ನು ಕೊಡುವವಳು ಅವಳು, ಅನುಭವಿಸುವವನು ನಾನು.

ಹೀಗೆ ಎರಡು ಕಡೆಯಿಂದಲೂ ಪೆಟ್ಟು ಬಿದ್ದ ಮೇಲೆ, ಏಕಾಂತದ ಸುಖವು ಕೇವಲ ಸ್ವಾರ್ಥವೆಂದು ತೀರ್ಮಾನಿಸಿ ಅದನ್ನು ಬಿಟ್ಟುಬಿಡುವುದು ಸುಲಭವಾಗಿತ್ತು. ಆದರೆ ಸುಲಭವಾದ ತೀರ್ಮಾನವು ಯಾವಾಗಲೂ ಸರಿಯಾದುದಲ್ಲ. ಆ ಸುಖವು ಕೆಟ್ಟದ್ದಾಗಿದ್ದರೆ ನನ್ನ ಮಿತ್ರನಿಂದ ಅದನ್ನು ಮುಚ್ಚಿಟ್ಟುದು ಅಪರಾಧವೇ ಆಗುತ್ತಿರಲಿಲ್ಲ. ಕೆಟ್ಟುದನ್ನು ಮುಚ್ಚಿಟ್ಟರೆ ಯಾರಿಗೆ ನಷ್ಟ? ಅಪರಾಧವೆಂದು ನನಗೆ ತೋರಿದುದರಿಂದಲೇ ಅದು ಒಳ್ಳೆಯದೆಂಬುದು ಸಿದ್ಧವಾಗುವುದು. ಆದುದರಿಂದ ವಿಚಾರಿಸಬೇಕಾದುದು ಅದು ಒಳ್ಳೆಯದೋ ಕೆಟ್ಟುದೋ ಎಂಬುದನ್ನಲ್ಲ, ಅದು ಯಾವ ಜಾತಿಯ ಒಳಿತು ಎಂಬುದನ್ನು.

ಲೋಕದಲ್ಲಿ ಕೆಲವು ಒಳಿತುಗಳು ಅನ್ನದಂತೆ. ಹಂಚಿದರೆ ನನ್ನ ಪಾಲು ಕಡಮೆಯಾಗುವುದು. ಆದರೆ ಅರ್ಧ ಮುದ್ದೆಯೂ ಮುದ್ದೆಯೇ, ಅದು ಅರ್ಧ ಹಸಿವನ್ನಾದರೂ ಕಳೆಯುವುದು. ಕೆಲವು ದೀಪದಂತೆ. ಒಂದರಿಂದ ನೂರು ಹಚ್ಚಿದರೂ ಮೊದಲನೆಯದು ಕುಂದದು. ವಿದ್ಯೆಯು ಈ ಜಾತಿಯದು. ತಿರುಕ್ಕೋಷ್ಟಿಯೂರಿನ ಗುರುವಿನ ಬಳಿಗೆ ಹದಿನೆಂಟು ಸಲ ಅಲೆದು ಮಂತ್ರೋಪದೇಶವನ್ನು ಪಡೆದ ರಾಮಾನುಜಾಚಾರ್ಯರು, ಇದನ್ನು ಬಹಿರಂಗಪಡಿಸಿದರೆ ನರಕವೆಂದು ಗುರುವು ವಿಧಿಸಿದ್ದರೂ ಗೋಪುರವನ್ನೇರಿ ಎಲ್ಲರಿಗೂ ಕೇಳುವಂತೆ ಸಾರಿದರೆಂಬ ಕಥೆಯು ಅವರು ಬಂದು ನೆಲಸಿದ್ದ ಮೇಲುಕೋಟೆಯ ಸೀಮೆಯವರಾದ ನಮಗೆಲ್ಲ ಪರಿಚಿತವೇ. ತಾನೊಬ್ಬನು ನರಕಕ್ಕೆ ಹೋದರೂ ಅನೇಕರು ಉದ್ಧಾರವಾಗುವರೆಂಬುದು ಅವರ ಭಾವ. ಅಲ್ಲಿ ಆಚಾರ್ಯರ ಹೃದಯವೂ ದೊಡ್ಡದು, ಲೆಕ್ಕವೂ ಸರಿ. ಏಕೆಂದರೆ ಸಾವಿರ ಕಿವಿಗಳಿಗೆ ಬಿದ್ದ ಮಂತ್ರವು ಸಾವಿರದಲ್ಲೊಂದು ಪಾಲಾಗುವುದಿಲ್ಲ.

ಆದರೆ ಬೆಟ್ಟದ ಮೌನವು ಅನ್ನವೂ ಅಲ್ಲ, ದೀಪವೂ ಅಲ್ಲ. ಗೋಪುರವನ್ನೇರಿ, "ಎಲೈ ಜನರೇ, ಇಲ್ಲಿ ಮೌನವಿದೆ, ಬನ್ನಿರಿ" ಎಂದು ಕೂಗಿದರೆ ಕೂಗಿನಿಂದಲೇ ಅದು ಹೋಯಿತು. ಅರ್ಧ ಮುದ್ದೆ ಮುದ್ದೆಯಾದೀತು. ಅರ್ಧ ಮೌನ ಮೌನವಲ್ಲ. ತುಳಿಯದ ಹಿಮವೂ ಹಾಗೆಯೇ. ನೂರು ಮಂದಿ ಒಟ್ಟಿಗೆ ನುಗ್ಗಿದರೆ ಪ್ರತಿಯೊಬ್ಬನಿಗೂ ನೂರರಲ್ಲೊಂದು ಪಾಲು ಸಿಕ್ಕುವುದಿಲ್ಲ, ಯಾರಿಗೂ ಏನೂ ಸಿಕ್ಕುವುದಿಲ್ಲ. ಹಾಗಾದರೆ ಇದನ್ನು ಹಂಚುವ ಬಗೆಯೇ ಇಲ್ಲವೆ?

ಉಂಟು, ಅದನ್ನು ನಮ್ಮ ರೈತರು ಬಹುಕಾಲದಿಂದ ಬಲ್ಲರು. ಕೆರೆಯ ತೂಬನ್ನು ತೆರೆದು ಎಲ್ಲಾ ಗದ್ದೆಗಳಿಗೂ ಒಮ್ಮೆಗೇ ನೀರು ಬಿಟ್ಟರೆ ಕಾಲುವೆಯಲ್ಲಿ ನೀರು ತೆಳ್ಳಗಾಗಿ ಕೊನೆಯ ಗದ್ದೆಯ ಮಣ್ಣೂ ನೆನೆಯದು. ಆದುದರಿಂದ ಸರದಿ. ಇಂದು ನಿನ್ನ ಗದ್ದೆ, ನಾಳೆ ಅವನ ಗದ್ದೆ. ಸರದಿ ಬಂದವನು ಪೂರ್ತಿಯಾಗಿ ಹಾಯಿಸಿಕೊಳ್ಳಲಿ, ಅದರಲ್ಲಿ ದೋಷವಿಲ್ಲ. ಆದರೆ ಹೊತ್ತು ತೀರಿದ ಮೇಲೆ ಮಡೆಯನ್ನು ಕಟ್ಟಿ ಮುಂದಿನವನಿಗೆ ಬಿಡಲಿ. ಇದನ್ನು ನೋಡಿಕೊಳ್ಳುವವನು ನೀರುಗಂಟಿ. ಮೌನವು ನೀರಿನ ಜಾತಿಯದು. ಅದನ್ನು ಪಾಲಿನಿಂದ ಹಂಚಲಾಗದು, ಸರದಿಯಿಂದ ಹಂಚಬಹುದು. ಹೀಗೆ ನೋಡಿದರೆ ಗೀತೆಯ ಎರಡು ಮಾತುಗಳಿಗೂ ವಿರೋಧವಿಲ್ಲ. ಏಕಾಂತವನ್ನು ಸೇವಿಸುವುದು ತನ್ನ ಸರದಿಯನ್ನು ಅನುಭವಿಸುವುದು. ತನಗಾಗಿಯೇ ಅಡುಗೆ ಮಾಡಿಕೊಳ್ಳುವುದು ಪರರ ಸರದಿಯನ್ನು ಕದಿಯುವುದು. ನಾನು ಬೆಟ್ಟದಲ್ಲಿ ಒಬ್ಬನೇ ಕುಳಿತುದು ತಪ್ಪಲ್ಲ. ನನ್ನ ಮಿತ್ರನ ಸರದಿ ಬಂದಾಗ ತೂಬನ್ನು ಮುಚ್ಚಿದುದು ತಪ್ಪು.

ನಮ್ಮ ಸೀಮೆಯಲ್ಲಿಯೇ ಈ ನ್ಯಾಯವು ಕಣ್ಣೆದುರಿಗೆ ನಡೆಯುತ್ತಿದೆ. ಬಂಡೀಪುರದ ಕಾಡಿನ ನಡುವೆ ಹಾಯುವ ಹೆದ್ದಾರಿಗಳಲ್ಲಿ ೨೦೦೯ರಿಂದ ರಾತ್ರಿ ೯ ಗಂಟೆಯಿಂದ ಬೆಳಗ್ಗೆ ೬ ಗಂಟೆಯವರೆಗೆ ವಾಹನಸಂಚಾರಕ್ಕೆ ನಿರ್ಬಂಧವಿದೆ. ವ್ಯಾಪಾರಿಗಳಿಗೂ ಪ್ರಯಾಣಿಕರಿಗೂ ಇದರಿಂದ ತೊಂದರೆಯಾಗಿಲ್ಲವೆಂದು ಹೇಳಲಾಗದು. ವಯನಾಡಿನ ಕಡೆಯವರು ಇದನ್ನು ವಿರೋಧಿಸುತ್ತ ಬಂದಿರುವರು. ಆದರೆ ವ್ಯವಸ್ಥೆಯ ಅರ್ಥವು ಸ್ಪಷ್ಟವಾಗಿದೆ: ಹಗಲು ಮನುಷ್ಯರ ಸರದಿ, ರಾತ್ರಿ ಆನೆ, ಜಿಂಕೆ, ಹುಲಿಗಳ ಸರದಿ. ಬೆಟ್ಟದ ಬಸ್ಸೂ ಒಂದು ಬಗೆಯ ನೀರುಗಂಟಿಯೇ. ಕಾಡು ನಿರ್ಜನವೆಂದು ನಾವು ಹೇಳುವಾಗ ಅಲ್ಲಿ ಯಾರೂ ಇಲ್ಲವೆಂದು ಅರ್ಥವಲ್ಲ. ನಮ್ಮವರು ಇಲ್ಲವೆಂದು ಮಾತ್ರ ಅರ್ಥ. ನಾನು ನನ್ನದೆಂದು ಬಚ್ಚಿಟ್ಟ ಮೌನವು ಮೊದಲು ಆ ಮೂಕಪ್ರಾಣಿಗಳ ಮನೆ. ಅದರಲ್ಲಿ ನಾನೂ ಒಬ್ಬ ಅತಿಥಿ. ಅತಿಥಿಯು ಮನೆಯ ಹೆಸರನ್ನು ಬಚ್ಚಿಡುವುದು ವಿಚಿತ್ರವಲ್ಲವೆ?

ಇಲ್ಲಿ ಮೂರು ಆಕ್ಷೇಪಗಳು ಬರಬಹುದು.

ಮೊದಲನೆಯದು: "ಸರದಿಯ ಮಾತು ಸರಿ, ಆದರೆ ಜನರು ಸರದಿಯನ್ನು ಪಾಲಿಸುವರೆ? ಒಬ್ಬನಿಗೆ ಹೇಳಿದರೆ ಊರಿಗೇ ಹೇಳಿದಂತೆ. ಆದುದರಿಂದ ಬಚ್ಚಿಡುವುದೇ ಲೇಸು." ಈ ಭಯವು ನಿರಾಧಾರವಲ್ಲ. ಮಳೆಗಾಲದಲ್ಲಿ ಗುಂಡ್ಲುಪೇಟೆಯ ಸುತ್ತಣ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳನ್ನು ನೋಡಿದವರಿಗೆ ಇದು ಗೊತ್ತು. ರಸ್ತೆಯ ಎರಡು ಕಡೆಗೂ ಹೊನ್ನಿನ ಹೊದಿಕೆಯಂತೆ ಹೂವರಳಿದಾಗ ಪ್ರಯಾಣಿಕರು ಚಿತ್ರ ತೆಗೆದು ಲೋಕಕ್ಕೆಲ್ಲ ಕಳುಹಿಸುವರು. ಆ ಚಿತ್ರಗಳನ್ನು ಕಂಡು ಸಾವಿರಾರು ಮಂದಿ ಬಂದು ಇಳಿಯುವರು. ಸಾಲುಗಳ ನಡುವೆ ನುಗ್ಗಿ ಗಿಡಗಳನ್ನು ತುಳಿಯುವರು. ಬೇಸತ್ತ ರೈತರು ಕೆಲವರು ಹೊಲದೊಳಗೆ ಕಾಲಿಡಲು ಹಣ ಕೇಳತೊಡಗಿದರು, ಅದು ನ್ಯಾಯವೇ. ಆದರೆ ಇದರಿಂದ ಸಿದ್ಧವಾಗುವುದೇನು? ಸಾರುವುದು ಒಂದು ತಪ್ಪು ಎಂದಷ್ಟೇ. ಬಚ್ಚಿಡುವುದು ಅದರ ಎದುರಿನ ತಪ್ಪು. ಇವೆರಡರ ನಡುವೆ ಒಂದು ಹಳೆಯ ದಾರಿಯಿದೆ. ಅದು ಉಪದೇಶದ ದಾರಿ. ಒಬ್ಬನಿಗೆ, ಅವನ ಮುಖವನ್ನು ನೋಡಿ, ಹೋಗುವ ಬಗೆಯನ್ನೂ ಕುಳಿತಿರುವ ಬಗೆಯನ್ನೂ ಹೇಳಿಕೊಟ್ಟು ಕಳುಹಿಸುವುದು. ರಾಮಾನುಜರ ಗುರುವು ಹದಿನೆಂಟು ಸಲ ಅಲೆದಾಡಿಸಿದುದನ್ನು ಜಿಪುಣತನವೆನ್ನುವವರುಂಟು. ಮಂತ್ರದ ವಿಷಯದಲ್ಲಿ ಶಿಷ್ಯನೇ ಸರಿ. ಆದರೆ ಮೌನದ ವಿಷಯದಲ್ಲಿ ಶಿಷ್ಯನ ಹೃದಯವನ್ನೂ ಗುರುವಿನ ಕ್ರಮವನ್ನೂ ಕೂಡಿಸಿಕೊಳ್ಳಬೇಕೆಂದು ನನಗೆ ತೋರುತ್ತದೆ.

ಎರಡನೆಯದು: "ಜನಸಂದಣಿಯನ್ನು ನೀವು ಹೀಗಳೆಯುವಿರಿ. ಜಾತ್ರೆಯ ಸುಖವು ಸುಖವಲ್ಲವೆ?" ಖಂಡಿತವಾಗಿಯೂ ಸುಖವೇ. ತೇರಿನ ದಿನ ಒಬ್ಬನೇ ನಿಂತು ಹಗ್ಗವನ್ನೆಳೆದರೆ ತೇರು ಕದಲದು. ಸಾವಿರ ಕಂಠಗಳು ಗೋವಿಂದನ ಹೆಸರನ್ನು ಕೂಗುವಾಗ ಮೈಯಲ್ಲಿ ಏಳುವ ಪುಲಕವು ಮಂಜಿನ ಗೋಡೆಯ ಬದಿಯಲ್ಲಿ ಸಿಕ್ಕುವುದಿಲ್ಲ. ಅದು ಹಂಚಿದಷ್ಟೂ ಬೆಳೆಯುವ ಒಳಿತು. ಬೆಟ್ಟವು ಎರಡಕ್ಕೂ ಎಡೆ ಕೊಟ್ಟಿದೆ. ಜಾತ್ರೆಯ ದಿನ ಮೌನವನ್ನು ಬಯಸಿ ಮುಖ ಸಿಂಡರಿಸುವವನೂ ಮೌನದ ದಿನ ಜಾತ್ರೆ ಮಾಡುವವನೂ ಸರದಿಯನ್ನು ಅರಿಯದವರು.

ಮೂರನೆಯದು: "ಏಕಾಂತಕ್ಕೆ ಬೆಲೆ ಕಟ್ಟಿಬಿಡಿ, ಹಣ ಕೊಟ್ಟವನು ಅನುಭವಿಸಲಿ, ಜಗಳವಿಲ್ಲ." ಇದು ಈ ಕಾಲದ ಉತ್ತರ. ಹೊಲವು ರೈತನದಾದುದರಿಂದ ಅವನು ಬೆಲೆ ಕೇಳಬಹುದು. ಆದರೆ ಬೆಟ್ಟ ಯಾರದು? ನೀರುಗಂಟಿಯು ಹೆಚ್ಚು ಹಣ ಕೊಟ್ಟವನ ಗದ್ದೆಗೆ ಮೊದಲು ನೀರು ಬಿಟ್ಟರೆ ನಾವು ಅದಕ್ಕೆ ಲಂಚವೆನ್ನುವೆವು. ಕಡಲೆಕಾಯಿ ಮಾರುವವಳ ತಲೆಯೂ ಭಾನುವಾರ ಸಿಡಿಯುವುದಷ್ಟೆ? ಅವಳಿಗೂ ಒಂದು ದಿನ ಮೇಲೆ ಹೋಗಿ ಸುಮ್ಮನೆ ಕುಳಿತಿರುವ ಸರದಿಯುಂಟು. ಅದನ್ನು ಕೊಳ್ಳಲು ಅವಳಲ್ಲಿ ಹಣವಿಲ್ಲ. ಬದಲಾಗಿ ಏಕಾಂತವನ್ನು ಅನುಭವಿಸಿದವನೇ ತನ್ನ ಸುಖಕ್ಕೆ ಕಂದಾಯ ಕೊಡಬೇಕು. ಅವನ ಸುಖದಿಂದ ಯಾರ ಬುಟ್ಟಿ ತುಂಬಿ ಉಳಿಯಿತೋ ಅವರಿಗೆ. ಇದು ದಾನವಲ್ಲ, ಋಣ.

ಈ ವಿಚಾರದ ಮೇಲೆ ನಾನು ನನಗೇ ಕೆಲವು ನಿಯಮಗಳನ್ನು ಮಾಡಿಕೊಂಡೆನು. ವರ್ಷದಲ್ಲಿ ಎರಡು ಸಲ ಮಾತ್ರ ಮಂಜಿನ ಬೆಟ್ಟಕ್ಕೆ ಒಬ್ಬನೇ ಹೋಗುವುದು. ಇನ್ನೊಂದು ಸಲ ನೋಡದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು. ಜನರಿಲ್ಲದ ದಿನ ತಪ್ಪಲಿನಲ್ಲಿ ಏನಾದರೂ ಕೊಳ್ಳದೆ ಬಸ್ಸು ಹತ್ತದಿರುವುದು. ಓದುವವರಿಗೆ ಇವು ಅತ್ಯಲ್ಪವೆಂದು ತೋರಬಹುದು. ಆದರೆ ದೊಡ್ಡ ವ್ರತಗಳನ್ನು ಹಿಡಿದು ಬಿಟ್ಟವರನ್ನು ನಾನು ಬಹಳ ಮಂದಿ ಕಂಡಿರುವೆನು.

ಮೊದಲು ಕರೆದುಕೊಂಡು ಹೋದುದು ನನ್ನ ಮಿತ್ರನ ಮೊಮ್ಮಗನನ್ನು. ಹತ್ತು ವರ್ಷದ ಹುಡುಗ. ತಾತನ ನಾಲಿಗೆಯನ್ನು ಹಾಗೆಯೇ ಪಡೆದವನು. ಬಸ್ಸಿನಲ್ಲಿ ಕುಳಿತಂದಿನಿಂದ ಪ್ರಶ್ನೆಗಳು. ಆನೆ ಎಲ್ಲಿ, ಕಾಗೆ ಹೇಗೆ ಹಂಸವಾಯಿತು, ಹಾಗಾದರೆ ಹಂಸಗಳೆಲ್ಲಿ ಹೋದವು, ಮಂಜನ್ನು ಬಾಟಲಿಯಲ್ಲಿ ಹಿಡಿಯಬಹುದೆ? ಗೋಡೆಯ ಬದಿಯಲ್ಲಿಯೂ ಮಾತು ನಿಲ್ಲಲಿಲ್ಲ. ಅಂದು ನನ್ನ ಸುಖವು ಕಡಮೆಯಾಯಿತೆ ಎಂದರೆ, ಆಯಿತು, ಸುಳ್ಳು ಹೇಳಲಾರೆನು. ಹಂಚಿದುದರಿಂದ ಇಮ್ಮಡಿಯಾಯಿತೆಂದು ಬರೆದರೆ ವಾಕ್ಯವು ಚೆನ್ನಾಗಿರುತ್ತದೆ, ಆದರೆ ನಿಜವಾಗುವುದಿಲ್ಲ. ಅದು ಕಡಮೆಯಾಗಬೇಕಾಗಿಯೇ ಇತ್ತು. ಆ ಕಡಮೆಯೇ ನಾನು ಕೊಡಬೇಕಾಗಿದ್ದುದು.

ಸ್ವಲ್ಪ ಹೊತ್ತಿನ ಮೇಲೆ ಮಂಜು ಇನ್ನೂ ದಟ್ಟವಾಗಿ, ಎರಡು ಮಾರು ದೂರದ ಮೆಟ್ಟಿಲೂ ಮರೆಯಾಯಿತು. ಹುಡುಗನು ಥಟ್ಟನೆ ಸುಮ್ಮನಾಗಿ ನನ್ನ ಉತ್ತರೀಯದ ಅಂಚನ್ನು ಹಿಡಿದುಕೊಂಡನು. ಎಷ್ಟು ಹೊತ್ತು ಹಾಗೆ ಕುಳಿತಿದ್ದೆವೋ ಕಾಣೆ. ಕಡೆಗೆ ಅವನು ಪಿಸುದನಿಯಲ್ಲಿ, "ಮೇಷ್ಟ್ರ ತಾತ, ಏನೂ ಕಾಣ್ತಾ ಇಲ್ಲ" ಎಂದನು. "ಹೌದು ಮಗು, ಇದನ್ನೇ ನೋಡಲಿಕ್ಕೆ ಬಂದದ್ದು" ಎಂದೆನು. ಆ ಉತ್ತರವನ್ನು ನಾನು ಕೊಡಬೇಕಾಗಿದ್ದುದು ಅವನಿಗಲ್ಲ; ಆದರೆ ಕೊಡಬೇಕಾದವನು ಇಲ್ಲದಿರುವಾಗ ಅವನ ಮನೆಯವರಿಗೆ ತಲುಪಿಸುವುದು ಸಾಲ ತೀರಿಸುವ ಕ್ರಮವಷ್ಟೆ.

ಸೋದರಳಿಯನಿಗೆ ಮರುಕಾಗದವನ್ನು ಬರೆದಿರುವೆನು. "ಮಗು, ನಿನ್ನ ಹಿಮದ ಸುಖವು ಒಳ್ಳೆಯದು, ಸಂಕೋಚವಿಲ್ಲದೆ ಅನುಭವಿಸು. ಗುಡ್ಡದ ಹೆಸರನ್ನು ಊರಿಗೆಲ್ಲ ಸಾರಬೇಡ. ಆದರೆ ಅಲ್ಲಿಗೆ ಇನ್ನೂ ಹೋಗದವನೊಬ್ಬನು ನಿನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುತ್ತಿರಬಹುದು. ಮುಂದಿನ ಸಲ ಹಿಮ ಬಿದ್ದಾಗ ಅವನಿಗೆ ಹೇಳು. ಮೊದಲ ಗೆರೆಯನ್ನು ಅವನೇ ಎಳೆಯಲಿ. ಬಿಸಿಲು ಬರಲೆಂದು ಮಾತ್ರ ಅವನನ್ನು ಕಾಯಿಸಬೇಡ" ಎಂದು.

ಉತ್ತರವಿನ್ನೂ ಬಂದಿಲ್ಲ. ಅಲ್ಲಿ ಹಿಮ ಬೀಳುವ ಕಾಲ ಮುಗಿದಿರಬಹುದು. ಇಲ್ಲಿ ಇನ್ನೆರಡು ತಿಂಗಳಿಗೆ ಆಷಾಢ.